ರೈಲಿಗೊಂದು ಕಂಟ್ರೋಲರ್, ಪಾಯಿಂಟಿಗೊಂದು ಕಂಟ್ರೋಲರ್: ಮಾಡೆಲ್ ರೈಲ್ವೆಲಿ ಎರಡನ್ನೂ ಬೇರೆ ಮಾಡೋದು ಹೇಗೆ

ಹೋದ ದಸರಾ ರಜೆಲಿ ಅಕ್ಕನ ಮಗ ಬೆಂಗಳೂರಿಗೆ ನಮ್ಮನೆಗೆ ಬಂದಿದ್ದ. ನನ್ನ ಲೇಔಟ್, ಅಂದ್ರೆ ಟೇಬಲ್ ಮೇಲೆ ಕಟ್ಟಿರೋ ಪುಟ್ಟ ರೈಲ್ವೆ, ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ನೋಡ್ಕೊಂಡು ಮಾಡಿರೋದು, ಎಚ್‌ಒ ಸ್ಕೇಲ್, ಅಂದ್ರೆ 1:87, ಎರಡು ಹಳಿ ಮಧ್ಯೆ 16.5 ಮಿಲಿಮೀಟರ್. ಅಸಲಿ ಘಾಟಿಲಿ 57 ಸುರಂಗ, ನನ್ನತ್ರ ಇರೋದು ಮೂರು, ಆದ್ರೆ ಅದ್ರಲ್ಲಿ ಒಂದ್ರೊಳಗೆ ಎರಡು ಪಾಯಿಂಟ್, ಅಂದ್ರೆ ರೈಲು ಒಂದು ಲೈನಿಂದ ಇನ್ನೊಂದು ಲೈನಿಗೆ ತಿರುಗೋ ಜಾಗ, ಇದಾವೆ, ಅಲ್ಲಿಗೆ ಕೈ ಹೋಗಲ್ಲ. ಹುಡುಗ ಗೂಡ್ಸ್ ಗಾಡಿ ಇಳಿಸ್ಕೊಂಡು ಬಂದ, ಒಳಗಿನ ಪಾಯಿಂಟ್ ಇನ್ನೊಂದು ಲೈನಿಗೆ ತಿರುಗಿತ್ತು, ಎಂಜಿನ್ ಚಕ್ರ ಪಾಯಿಂಟ್ ಮಧ್ಯದ ಫ್ರಾಗ್ ಅನ್ನೋ ಹಳಿ ತುಂಡಿನ ಮೇಲೆ ಹತ್ತಿದ ತಕ್ಷಣ ಶಾರ್ಟ್. ಕಂಟ್ರೋಲರ್ ಕರೆಂಟ್ ಕಟ್ ಮಾಡ್ತು. ಶಾರ್ಟ್ ಹೋಗ್ಬೇಕಂದ್ರೆ ಪಾಯಿಂಟ್ ತಿರುಗಿಸ್ಬೇಕು, ಪಾಯಿಂಟ್ ತಿರುಗಿಸ್ಬೇಕಂದ್ರೆ ಅದರ ಡಿಕೋಡರಿಗೆ, ಅಂದ್ರೆ ಕಂಟ್ರೋಲರ್ ಸಂದೇಶ ಓದಿ ಪಾಯಿಂಟ್ ತಿರುಗಿಸೋ ಸರ್ಕ್ಯೂಟಿಗೆ, ಕರೆಂಟ್ ಬೇಕು, ಆ ಕರೆಂಟ್ ಬರ್ತಾ ಇದ್ದಿದ್ದು ಅದೇ ಹಳಿ ವೈರಿಂದ, ಅದು ಶಾರ್ಟ್ ಆಗಿ ಆಫ್ ಆಗಿದೆ. ಕೊನೆಗೆ ಬೆಟ್ಟದ ಮೇಲ್ಭಾಗ ಎತ್ತಿ, ಟಾರ್ಚ್ ಬಿಟ್ಕೊಂಡು ಎಂಜಿನ್ ಹೊರಗೆ ತೆಗೆದ್ವಿ, ಎತ್ತೋವಾಗ ಎರಡು ಮರ ಮುರೀತು.

ಅವತ್ತೇ ತೀರ್ಮಾನ ಮಾಡ್ದೆ, ರೈಲು ಓಡಿಸೋ ಪೆಟ್ಟಿಗೆ ಬೇರೆ, ಪಾಯಿಂಟ್ ಸಿಗ್ನಲ್ ನೋಡ್ಕೊಳ್ಳೋ ಪೆಟ್ಟಿಗೆ ಬೇರೆ ಅಂತ. ಅಸಲಿ ರೈಲ್ವೆಲೂ ಡ್ರೈವರ್ ಪಾಯಿಂಟ್ ಮುಟ್ಟಲ್ಲ, ಅದು ಸ್ಟೇಷನ್ ಮಾಸ್ಟರ್ ಕಡೆಯ ಕೆಲ್ಸ, ಲೋಕೋ ಕೆಟ್ಟು ನಿಂತ್ರೂ ಸಿಗ್ನಲ್ ದೀಪ ಉರೀತಾನೇ ಇರುತ್ತೆ. ಕೆಳಗೆ ಬರೆದಿರೋದೆಲ್ಲ ನಾನು ಮೂರ್ನಾಲ್ಕು ತಿಂಗಳು ಕೂತು ಜೋಡಿಸಿ, ಒಂದೆರಡು ಸಲ ಬಿಚ್ಚಿ ಮತ್ತೆ ಜೋಡಿಸಿದ ರೀತಿ. ಡಿಸಿಸಿ, ಅಂದ್ರೆ ಹಳಿ ಮೇಲೆ ಡಿಜಿಟಲ್ ಸಂದೇಶ ಕಳಿಸಿ ಎಂಜಿನ್ ಓಡಿಸೋ ಪದ್ಧತಿ, ಇರೋರಿಗೆ ಬರೀತಿದೀನಿ, ಹಳೇ ಡಿಸಿ ಟ್ರಾನ್ಸ್‌ಫಾರ್ಮರ್‌ಲಿ ಓಡಿಸೋರಿಗೆ ಈ ತೊಂದ್ರೆ ಬೇರೆ ತರ ಇರುತ್ತೆ.

ಮೊದಲು ಒಂದು ಗೊಂದಲ ಬಗೆಹರಿಸ್ಕೊಳ್ಳೋಣ, ಯಾಕಂದ್ರೆ ಸುಮಾರು ಜನ ನಂಬರ್ ಕ್ಲ್ಯಾಶ್ ಆಗುತ್ತೆ ಅಂತ ಎರಡು ಕಂಟ್ರೋಲರ್ ಬೇಕು ಅನ್ಕೊಂಡಿರ್ತಾರೆ. ಹಾಗೇನಿಲ್ಲ. ಡಿಸಿಸಿಲಿ ಹಳಿ ಮೇಲೆ ಹೋಗೋದು ಕರೆಂಟೂ ಹೌದು, ಸಂದೇಶನೂ ಹೌದು. ವೋಲ್ಟೇಜ್ ಒಂದು ಸಲ ಈ ಕಡೆ ಒಂದು ಸಲ ಆ ಕಡೆ ತಿರುಗ್ತಾ ಇರುತ್ತೆ, ಅರ್ಧ ಸುತ್ತು 58 ಮೈಕ್ರೋಸೆಕೆಂಡ್ ಇದ್ರೆ ಅದು 1, 100 ಮೈಕ್ರೋಸೆಕೆಂಡ್ ಆದ್ರೆ 0, ಈ 1 ಮತ್ತು 0 ಸೇರಿ ಒಂದು ಪ್ಯಾಕೆಟ್. ಜರ್ಮನಿಯ ಲೆಂಜ್ ಕಂಪನಿ ಮಾಡಿದ ಪದ್ಧತಿ ಇದು, 1990ರ ದಶಕದಲ್ಲಿ ಅಮೆರಿಕದ ಮಾಡೆಲ್ ರೈಲ್ವೆ ಸಂಘ ಎನ್‌ಎಂಆರ್‌ಎ ಇದನ್ನ ಸ್ಟ್ಯಾಂಡರ್ಡ್ ಮಾಡ್ತು, ಅದಕ್ಕೇ ಇವತ್ತು ಒಂದು ಕಂಪನಿ ಎಂಜಿನ್ ಇನ್ನೊಂದು ಕಂಪನಿ ಕಂಟ್ರೋಲರ್‌ಲಿ ಓಡುತ್ತೆ. ಆ ಸ್ಟ್ಯಾಂಡರ್ಡ್‌ಲೇ ಎಂಜಿನ್ ವಿಳಾಸದ ಪಟ್ಟಿ ಬೇರೆ, ಅಕ್ಸೆಸರಿ (ಪಾಯಿಂಟ್, ಸಿಗ್ನಲ್ ತರದವು) ವಿಳಾಸದ ಪಟ್ಟಿ ಬೇರೆ ಇಟ್ಟಿದಾರೆ. ಎಂಜಿನ್ನಿಗೆ 1ರಿಂದ 127 ಚಿಕ್ಕ ವಿಳಾಸ, ಉದ್ದ ವಿಳಾಸ 10239ರ ತನಕ, ಪಾಯಿಂಟ್‌ಗಳಿಗೆ ಬೇರೆ 2000ಕ್ಕೂ ಹೆಚ್ಚು. 5ನೇ ನಂಬರ್ ಎಂಜಿನ್ನೂ 5ನೇ ನಂಬರ್ ಪಾಯಿಂಟೂ ಒಂದೇ ಹಳಿಲಿ ಆರಾಮಾಗಿ ಇರ್ಬಹುದು. ಅಂದ್ರೆ ತೊಂದ್ರೆ ಇರೋದು ನಂಬರ್‌ಲಿ ಅಲ್ಲ, ಕರೆಂಟ್‌ಲಿ.

ಎಲ್ರಿಗೂ ಎರಡನೇ ಕಂಟ್ರೋಲರ್ ಬೇಕಾಗಿಲ್ಲ, ಇದನ್ನೂ ಮೊದಲೇ ಹೇಳ್ಬಿಡ್ತೀನಿ. ನಿಮ್ಮ ಲೇಔಟ್‌ಲಿ ನಾಲ್ಕೈದು ಪಾಯಿಂಟ್ ಇದ್ದು ಎಲ್ಲದಕ್ಕೂ ಕೈ ಎಟುಕುತ್ತೆ ಅಂದ್ರೆ ಸುಮ್ನೆ ಖರ್ಚು ಮಾಡ್ಬೇಡಿ. ಕಂಟ್ರೋಲರಿಂದ ಬರೋ ಎರಡು ವೈರನ್ನ ಎರಡು ದಾರಿ ಮಾಡಿ, ಒಂದು ಅಕ್ಸೆಸರಿಗೆ ನೇರ, ಇನ್ನೊಂದು ಹಳಿಗೆ ಹೋಗೋ ದಾರಿಲಿ ಡಿಸಿಸಿ ಸರ್ಕ್ಯೂಟ್ ಬ್ರೇಕರ್ ಹಾಕಿ. ಹಳಿ ಶಾರ್ಟ್ ಆದ್ರೆ ಬ್ರೇಕರ್ ಮಾತ್ರ ಬೀಳುತ್ತೆ, ಪಾಯಿಂಟ್ ಕಡೆ ಜೀವ ಇರುತ್ತೆ. ಇಲ್ಲಿ ಗಮನಿಸ್ಬೇಕಾದ್ದು ಒಂದೇ, ಬ್ರೇಕರ್ ಕಂಟ್ರೋಲರ್‌ಗಿಂತ ಬೇಗ ಬೀಳ್ಬೇಕು, ಅದಕ್ಕೆ ಅದರ ಟ್ರಿಪ್ ಆಂಪ್ ಕಂಟ್ರೋಲರ್ ಮಿತಿಗಿಂತ ಕಮ್ಮಿ ಇಡಿ, ಇಲ್ಲಾಂದ್ರೆ ಮೊದಲು ಕಂಟ್ರೋಲರೇ ಮಲಗುತ್ತೆ, ಬ್ರೇಕರ್ ಇದ್ದೂ ಇಲ್ಲದಂಗೆ.

ನನ್ನತ್ರ 14 ಪಾಯಿಂಟ್, 6 ಸಿಗ್ನಲ್ ಇದೆ. ಅದ್ರಲ್ಲಿ ಕೆಲವು ಸಾಲೆನಾಯ್ಡ್ ಮೋಟಾರ್, ಅಂದ್ರೆ ಕಾಯಿಲ್ ಅಯಸ್ಕಾಂತದಿಂದ ಟಕ್ ಅಂತ ಎಳೆಯೋ ಮೋಟಾರ್, ಇರೋ ಹಳೇ ಪಾಯಿಂಟ್‌ಗಳು, ಅವು ತಿರುಗೋ ಕ್ಷಣ ಎರಡ್ಮೂರು ಆಂಪ್ ಎಳೀತವೆ, ಅದಕ್ಕೆ ಅವುಗಳ ಡಿಕೋಡರ್ ಒಳಗೆ ದೊಡ್ಡ ಕೆಪಾಸಿಟರ್ ಇಟ್ಟು ಚಾರ್ಜ್ ತುಂಬ್ಕೊಂಡು ಒಮ್ಮೆಲೇ ಬಿಡ್ತವೆ. ಸ್ವಿಚ್ ಹಾಕಿದ ತಕ್ಷಣ ಆ ಕೆಪಾಸಿಟರ್ ಎಲ್ಲ ಒಟ್ಟಿಗೆ ಚಾರ್ಜ್ ಆಗಕ್ಕೆ ಹೋಗಿ ಚಿಕ್ಕ ಕಂಟ್ರೋಲರ್ ಆನ್ ಆಗೋದೇ ಇಲ್ಲ, ಶಾರ್ಟ್ ಅಂತ ತಿಳ್ಕೊಂಡು ಬೀಳುತ್ತೆ. ಇಷ್ಟೆಲ್ಲ ಇದ್ದಾಗ ಬೇರೆ ಪೆಟ್ಟಿಗೆನೇ ಸರಿ.

ರೈಲಿಗೆ ನಾನು ಮೊದ್ಲಿಂದ ಬಳಸ್ತಿದ್ದ ರೋಕೊ ಕಂಪನಿಯ ಝಡ್21 ಕಂಟ್ರೋಲರ್ ಹಂಗೇ ಉಳಿಸ್ಕೊಂಡೆ, ಮೊಬೈಲಿಂದ ಓಡಿಸೋಕೆ ಚೆನ್ನಾಗಿದೆ. ಅಕ್ಸೆಸರಿಗೆ ಡಿಸಿಸಿ-ಇಎಕ್ಸ್. ಇದು ಓಪನ್ ಸೋರ್ಸ್, ಆರ್ಡುಯಿನೊ ಮೆಗಾ ಬೋರ್ಡ್ ಮೇಲೆ ಒಂದು ಮೋಟಾರ್ ಶೀಲ್ಡ್ (ವೈರಿಗೆ ಬೇಕಾದಷ್ಟು ಕರೆಂಟ್ ಕೊಡೋ ಬೋರ್ಡು) ಕೂರಿಸಿ, ಇಎಕ್ಸ್-ಇನ್‌ಸ್ಟಾಲರ್ ಅನ್ನೋ ಪ್ರೋಗ್ರಾಂ ಇಂದ ಸಾಫ್ಟ್‌ವೇರ್ ತುಂಬಿದ್ರೆ ಪೂರ್ತಿ ಡಿಸಿಸಿ ಕಮಾಂಡ್ ಸ್ಟೇಷನ್, ಅಂದ್ರೆ ಕಂಟ್ರೋಲರ್, ಆಗುತ್ತೆ. ಬೋರ್ಡು, ಶೀಲ್ಡು, ಅಡಾಪ್ಟರ್ ಎಲ್ಲ ಎಸ್‌.ಪಿ. ರೋಡ್‌ಲೇ ಸಿಕ್ತು, ಒಂದು ಮಧ್ಯಾಹ್ನದ ಕೆಲ್ಸ. ಎರಡನೇ ಬ್ರ್ಯಾಂಡೆಡ್ ಕಂಟ್ರೋಲರ್ ಹೊರಗಿಂದ ತರಿಸಿ ಕಸ್ಟಮ್ಸ್ ಕಟ್ಟೋದಕ್ಕೆ ಹೋಲಿಸಿದ್ರೆ ಇದು ಏನೇನೂ ಅಲ್ಲ. ನಿಮ್ಮತ್ರ ಹಳೇ ಕಂಟ್ರೋಲರ್ ಮೂಲೇಲಿ ಬಿದ್ದಿದ್ರೆ, ಅದು ಅಕ್ಸೆಸರಿ ವಿಳಾಸ ಕಳಿಸುತ್ತಾ ಅಂತ ನೋಡಿ, ಕಳ್ಸಿದ್ರೆ ಅದೇ ಸಾಕು.

ಶೀಲ್ಡ್ ಕೂರಿಸೋ ಮುಂಚೆ ಒಂದು ಮುಖ್ಯವಾದ ಕೆಲ್ಸ. ಆರ್ಡುಯಿನೊ ಮೋಟಾರ್ ಶೀಲ್ಡ್ ಆರ್3 ಹಾಕೋದಾದ್ರೆ ಅದರ ಹಿಂಭಾಗ ವಿಇನ್ ಕನೆಕ್ಟ್ ಅಂತ ಒಂದು ಸಣ್ಣ ಸೇತುವೆ ತರ ತಾಮ್ರದ ಗೆರೆ ಇದೆ, ಅದನ್ನ ಕಟರ್ ಬ್ಲೇಡಿಂದ ಕೆರೆದು ತುಂಡು ಮಾಡ್ಬೇಕು. ಮಾಡ್ಲಿಲ್ಲ ಅಂದ್ರೆ ಶೀಲ್ಡಿಗೆ ಕೊಡೋ 14–15 ವೋಲ್ಟ್ ನೇರವಾಗಿ ಮೆಗಾ ಬೋರ್ಡ್ ಒಳಗೆ ಹೋಗಿ ಅದರ ರೆಗ್ಯುಲೇಟರ್ ಸುಡ್ಬಹುದು. ಕೆರೆದ ಮೇಲೆ ಮಲ್ಟಿಮೀಟರ್ ಬೀಪ್ ಇಟ್ಟು ನೋಡಿ, ಬೀಪ್ ಬರಬಾರ್ದು. ಬೋರ್ಡಿಗೆ ಯುಎಸ್‌ಬಿ ಅಥವಾ ಬೇರೆ ಚಿಕ್ಕ ಅಡಾಪ್ಟರ್, ಶೀಲ್ಡಿಗೆ ಬೇರೆ ಅಡಾಪ್ಟರ್. ಶೀಲ್ಡ್ ಒಂದೊಂದು ಚಾನೆಲ್ಲಿಗೆ 2 ಆಂಪ್ ತನಕ, ಅಷ್ಟು ಪಾಯಿಂಟ್‌ಗಳಿಗೆ ಸಾಕು. ಅದ್ರಲ್ಲಿ ಎರಡು ಔಟ್‌ಪುಟ್ ಇರುತ್ತೆ, ಮೇನ್ ಮತ್ತೆ ಪ್ರೋಗ್ರಾಮಿಂಗ್, ನಮ್ಮ ಅಕ್ಸೆಸರಿ ವೈರ್ ಹೋಗ್ಬೇಕಾದ್ದು ಮೇನ್‌ಗೆ.

ಈಗ ವೈರಿಂಗ್, ಇಲ್ಲಿ ನಿಧಾನವಾಗಿ ಓದಿ. ಎರಡು ಕಂಟ್ರೋಲರಿನ ಔಟ್‌ಪುಟ್ ಯಾವತ್ತೂ, ಎಲ್ಲೂ, ಒಂದೇ ಒಂದು ವೈರಿನ ಮೂಲಕನೂ ಸೇರ್ಬಾರ್ದು. ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ವೋಲ್ಟೇಜ್ ತಿರುಗಿಸ್ತಾ ಇರ್ತವೆ, ಒಂದು ಪ್ಲಸ್ ಇದ್ದಾಗ ಇನ್ನೊಂದು ಮೈನಸ್ ಇರ್ಬಹುದು, ಸೇರಿದ್ರೆ ಒಂದಾದ್ರೂ ಸಾಯುತ್ತೆ. ಹಳೇ ಡಿಸಿ ಕಾಲದಿಂದ ಬಂದೋರಿಗೆ ಕಾಮನ್ ರಿಟರ್ನ್ ಅಂತ ಒಂದೇ ಕಪ್ಪು ವೈರ್ ಎಲ್ಲಾ ಕಡೆ ಎಳೆಯೋ ಅಭ್ಯಾಸ ಇರುತ್ತೆ, ಅದನ್ನ ಇಲ್ಲಿ ಬಿಟ್ಬಿಡಿ. ನಾನು ರೈಲು ಬಸ್ಸಿಗೆ 1.5 ಸ್ಕ್ವೇರ್ ಎಂಎಂ ಕೆಂಪು–ಕಪ್ಪು, ಅಕ್ಸೆಸರಿ ಬಸ್ಸಿಗೆ 0.75 ಸ್ಕ್ವೇರ್ ಎಂಎಂ ಹಳದಿ–ನೀಲಿ ಅಂತ ಇಟ್ಕೊಂಡೆ, ಬಸ್ ಅಂದ್ರೆ ಲೇಔಟ್ ಕೆಳಗೆ ಉದ್ದಕ್ಕೂ ಹೋಗೋ ಮುಖ್ಯ ಜೋಡಿ ವೈರ್. ಬಣ್ಣ ಒಂದೇ ಸಾಲಲ್ಲ, ಕನೆಕ್ಟರೂ ಬೇರೆ ಬೇರೆ ಹಾಕಿ, ರೈಲಿಗೆ ಸ್ಕ್ರೂ ಇರೋದು, ಅಕ್ಸೆಸರಿಗೆ ಪಿನ್ ಇರೋದು, ರಾತ್ರಿ ಹನ್ನೊಂದಕ್ಕೆ ಟೇಬಲ್ ಕೆಳಗೆ ಮಲಗಿ ಚುಚ್ಚೋವಾಗ ತಪ್ಪಾಗಿ ಹಾಕೋಕೆ ಆಗ್ಲೇಬಾರ್ದು.

ಆಮೇಲೆ ಯಾವುದು ಯಾವ ಬಸ್ಸಿಗೆ ಅಂತ ವಿಂಗಡಿಸಿ. ಹಳಿ, ಬೋಗಿ ಒಳಗಿನ ದೀಪ, ರಿವರ್ಸ್ ಲೂಪ್ ಮಾಡ್ಯೂಲ್ (ಗಾಡಿ ಸುತ್ತು ಹೊಡೆದು ಅದೇ ಲೈನಿಗೆ ವಾಪಸ್ ಬರೋ ಕಡೆ ಹಾಕೋದು) ಎಲ್ಲ ರೈಲು ಕಡೆ. ಪಾಯಿಂಟ್ ಡಿಕೋಡರ್, ಸಿಗ್ನಲ್ ಡಿಕೋಡರ್, ಲೆವೆಲ್ ಕ್ರಾಸಿಂಗ್ ಗೇಟು ಅಕ್ಸೆಸರಿ ಕಡೆ. ಇಷ್ಟು ಸುಲಭ.

ಸುಲಭ ಇಲ್ದಿರೋದು ಫ್ರಾಗ್. ನಾನು ಎಡವಿದ್ದು ಇಲ್ಲೇ. ಪಾಯಿಂಟ್‌ಲಿ ಎರಡು ಹಳಿ ಒಂದನ್ನೊಂದು ದಾಟೋ ಆ ವಿ ಆಕಾರದ ತುಂಡೇ ಫ್ರಾಗ್, ಪಾಯಿಂಟ್ ಯಾವ ಕಡೆ ತಿರುಗಿದ್ಯೋ ಅದಕ್ಕೆ ತಕ್ಕಂಗೆ ಅದಕ್ಕೆ ಎಡ ಹಳಿ ಕರೆಂಟೋ ಬಲ ಹಳಿ ಕರೆಂಟೋ ಹೋಗ್ಬೇಕು. ತಮ್ಮೊಳಗೇ ಡಿಕೋಡರ್ ಇರೋ ಕೆಲವು ಪಾಯಿಂಟ್ ಮೋಟಾರ್‌ಗಳು ಫ್ರಾಗಿಗೆ ಅಂತ ಒಂದು ಟರ್ಮಿನಲ್ ಕೊಟ್ಟಿರ್ತವೆ, ಆದ್ರೆ ಆ ಟರ್ಮಿನಲ್ಲಿಗೆ ಕರೆಂಟ್ ಬರೋದು ಮೋಟಾರಿಗೆ ನಾವು ಕೊಟ್ಟ ಅದೇ ಎರಡು ವೈರಿಂದ. ಎಲ್ಲ ಒಂದೇ ಕಂಟ್ರೋಲರ್ ಇದ್ದಾಗ ಇದು ದೊಡ್ಡ ಅನುಕೂಲ. ಈಗ ಆ ಎರಡು ವೈರನ್ನ ಅಕ್ಸೆಸರಿ ಬಸ್ಸಿಗೆ ಹಾಕಿದ್ರೆ ಏನಾಗುತ್ತೆ ನೋಡಿ, ಫ್ರಾಗ್ ಮೇಲೆ ಡಿಸಿಸಿ-ಇಎಕ್ಸ್ ಕರೆಂಟು, ಸುತ್ತಲ ಹಳಿ ಮೇಲೆ ಝಡ್21 ಕರೆಂಟು, ಎಂಜಿನ್ ಚಕ್ರ ಎರಡರ ಮೇಲೂ ಒಟ್ಟಿಗೆ ನಿಂತ ಕ್ಷಣ ಎರಡು ಕಂಟ್ರೋಲರ್ ಕೈ ಕುಲುಕಿದಂಗೆ. ನಂದ್ರಲ್ಲಿ ಎಂಜಿನ್ ಒಂದು ಸಲ ಕುಪ್ಪಳಿಸಿ ನಿಂತ್ತು, ಶೀಲ್ಡ್ ಮುಟ್ಟಿದ್ರೆ ಬಿಸಿ. ಬೇಗ ಪ್ಲಗ್ ಕಿತ್ತಿದ್ರಿಂದ ಎರಡೂ ಉಳೀತು.

ಪರಿಹಾರ ಏನಂದ್ರೆ, ಆ ಫ್ರಾಗ್ ಟರ್ಮಿನಲ್ಲನ್ನ ಖಾಲಿ ಬಿಟ್ಬಿಡಿ. ಸುಮಾರು ಮೋಟಾರ್‌ಗಳಲ್ಲಿ ಮೋಟಾರ್ ಕರೆಂಟಿಗೆ ಸಂಬಂಧನೇ ಇಲ್ಲದ ಬೇರೆ ಚೇಂಜ್‌ಓವರ್ ಸ್ವಿಚ್ ಇರುತ್ತೆ, ಮೂರು ಟರ್ಮಿನಲ್. ಆಚೆ ಈಚೆ ಎರಡಕ್ಕೆ ರೈಲು ಬಸ್ಸಿನ ಕೆಂಪು ಮತ್ತು ಕಪ್ಪು, ಮಧ್ಯದ್ದು ಫ್ರಾಗಿಗೆ. ಟಾರ್ಟಾಯ್ಸ್ ತರದ ನಿಧಾನ ಮೋಟಾರ್‌ಗಳಲ್ಲಿ ಇಂಥ ಸ್ವಿಚ್ ಎರಡು ಇರ್ತವೆ, ಅವು ಪೂರ್ತಿ ಪ್ರತ್ಯೇಕ, ಭಯ ಇಲ್ಲ. ಸ್ವಿಚ್ಚೇ ಇಲ್ಲ ಅಂದ್ರೆ ಪಾಯಿಂಟ್ ಕಡ್ಡಿ ಪಕ್ಕ ಒಂದು ಮೈಕ್ರೋ ಸ್ವಿಚ್ ಕೂರಿಸಿ, ಅಥವಾ ಫ್ರಾಗ್ ಜ್ಯೂಸರ್ ಅಂತ ಸಿಗೋ ಆಟೋಮ್ಯಾಟಿಕ್ ಮಾಡ್ಯೂಲ್ ಹಾಕಿ, ಅದನ್ನೂ ರೈಲು ಬಸ್ಸಿಗೇ. ಫ್ರಾಗ್ ಅಂದ್ರೆ ಹಳಿ, ಹಳಿ ಅಂದ್ರೆ ರೈಲು ಕಡೆ, ಇಷ್ಟು ನೆನಪಿಟ್ಕೊಂಡ್ರೆ ಸಾಕು.

ಕರೆಂಟ್ ಕೊಡೋ ಮುಂಚೆ ಮೀಟರ್ ತಗೊಳ್ಳಿ. ಎಂಜಿನ್ ಬೋಗಿ ಎಲ್ಲ ಹಳಿಯಿಂದ ಕೆಳಗೆ, ಎರಡೂ ಕಂಟ್ರೋಲರ್ ವೈರ್ ಬಿಚ್ಚಿ, ಬೀಪ್ ಮೋಡ್‌ಲಿ ಕೆಂಪು–ಹಳದಿ, ಕೆಂಪು–ನೀಲಿ, ಕಪ್ಪು–ಹಳದಿ, ಕಪ್ಪು–ನೀಲಿ ನಾಲ್ಕೂ ಮುಟ್ಟಿಸಿ. ಒಂದ್ರಲ್ಲೂ ಬೀಪ್ ಬರಬಾರ್ದು. ಆಮೇಲೆ ಪ್ರತಿ ಪಾಯಿಂಟನ್ನೂ ಕೈಲಿ ಇನ್ನೊಂದು ಕಡೆಗೆ ತಿರುಗಿಸಿ ಮತ್ತೆ ಅದೇ ನಾಲ್ಕು ನೋಡಿ, ಯಾಕಂದ್ರೆ ಫ್ರಾಗ್ ತಪ್ಪು ಒಂದು ಕಡೆ ತಿರುಗಿದಾಗ ಮಾತ್ರ ಕಾಣ್ಬಹುದು. ಬೇಜಾರಿನ ಕೆಲ್ಸ, 14 ಪಾಯಿಂಟಿಗೆ ನಂಗೆ ಮುಕ್ಕಾಲು ಗಂಟೆ ಹಿಡೀತು, ಆದ್ರೂ ಬಿಡ್ಬೇಡಿ.

ವಿಳಾಸ ಕೊಡೋದು. ಹೆಚ್ಚಿನ ಅಕ್ಸೆಸರಿ ಡಿಕೋಡರ್‌ಗಳಲ್ಲಿ ಒಂದು ಸಣ್ಣ ಬಟನ್ ಇರುತ್ತೆ, ಅದನ್ನ ಒತ್ತಿ ಹಿಡಿದು, ಕಂಟ್ರೋಲರಿಂದ 13ನೇ ಪಾಯಿಂಟ್ ತಿರುಗಿಸು ಅಂತ ಕಳಿಸಿದ್ರೆ ಅದು ಇನ್ಮೇಲೆ ನಾನು 13 ಅಂತ ಕಲ್ತ್ಕೊಳುತ್ತೆ. ನಾಲ್ಕು ಔಟ್‌ಪುಟ್ ಇರೋ ಡಿಕೋಡರ್ ಆದ್ರೆ 13, 14, 15, 16 ನಾಲ್ಕೂ ತಗೊಳುತ್ತೆ. ಹಳೇ ಕಂಟ್ರೋಲರಿಂದ ಕಲಿಸಿದ್ದ ವಿಳಾಸ ಹೊಸ ಕಂಟ್ರೋಲರ್‌ಲಿ ಸರಿ ಬರ್ಲೇಬೇಕು ಅಂತಿಲ್ಲ. ರೋಕೊ ಮೊದಲಿಂದ ಪಾಯಿಂಟ್ ಎಣಿಸೋ ರೀತಿಗೂ ಬೇರೆಯವರ ರೀತಿಗೂ ನಾಲ್ಕರ ವ್ಯತ್ಯಾಸ ಇದೆ, ಒಂದು ಕಡೆ 1 ಅಂದಿದ್ದು ಇನ್ನೊಂದು ಕಡೆ 5. ಸ್ಟೇಷನ್ ಪಾಯಿಂಟ್ ಒತ್ತಿದ್ರೆ ಸುರಂಗದ ಒಳಗೆ ಟಕ್ ಅಂತ ಸದ್ದು ಬರೋದು ಕೇಳಿ ನಾನು ಡಿಕೋಡರೇ ಕೆಟ್ಟೋಗಿದೆ ಅನ್ಕೊಂಡಿದ್ದೆ. ಕೆಟ್ಟಿರಲ್ಲ. ಹೊಸ ಕಂಟ್ರೋಲರಿಂದ ಎಲ್ಲಾ ಡಿಕೋಡರಿಗೂ ಮತ್ತೆ ಬಟನ್ ಒತ್ತಿ ಹೊಸದಾಗಿ ಕಲಿಸಿಬಿಡಿ, ಅದೇ ಸುಲಭ. ಕಲಿಸಿದ ನಂಬರನ್ನ ಪಾಯಿಂಟ್ ಕೆಳಗೆ ಟೇಪ್ ಅಂಟಿಸಿ ಬರೀರಿ.

ಈಗ ಎರಡು ಪೆಟ್ಟಿಗೆ, ಎರಡು ಕೈ. ಎಂಜಿನ್ನಿಗೆ ಝಡ್21 ಆಪ್, ಪಾಯಿಂಟಿಗೆ ಬೇರೆ ಆಪ್ ಅಂತ ಹಾಗೇ ಬಿಡಬಹುದು, ಇಬ್ರು ಆಡೋವಾಗ ಅದೇ ಚೆನ್ನಾಗಿರುತ್ತೆ, ಒಬ್ರು ಡ್ರೈವರ್, ಒಬ್ರು ಸ್ಟೇಷನ್ ಮಾಸ್ಟರ್. ಒಬ್ರೇ ಇದ್ದಾಗ ಕಂಪ್ಯೂಟರಿಂದ ಓಡಿಸೋ ಪ್ರೋಗ್ರಾಂ ಜೆಎಂಆರ್‌ಐ ಹಾಕ್ಕೊಳ್ಳಿ, ಉಚಿತ, ಹಳೇ ಲ್ಯಾಪ್‌ಟಾಪ್‌ಲೂ ನಡೆಯುತ್ತೆ. ಅದರ ಪ್ರಿಫರೆನ್ಸಸ್‌ಲಿ ಕನೆಕ್ಷನ್ಸ್ ಅನ್ನೋ ಕಡೆ ಪ್ಲಸ್ ಒತ್ತಿ ಎರಡನೇ ಕನೆಕ್ಷನ್ ಸೇರಿಸ್ಬಹುದು ಅನ್ನೋದು ಸುಮಾರು ಜನಕ್ಕೆ ಗೊತ್ತೇ ಇಲ್ಲ. ಒಂದು ನೆಟ್‌ವರ್ಕ್ ಮೂಲಕ ಝಡ್21, ಇನ್ನೊಂದು ಯುಎಸ್‌ಬಿ ಮೂಲಕ ಡಿಸಿಸಿ-ಇಎಕ್ಸ್, ವೇಗ 115200. ಪ್ರತಿ ಕನೆಕ್ಷನ್ನಿಗೂ ಒಂದು ಅಕ್ಷರ ಇರುತ್ತೆ, ಝಡ್ ಮತ್ತು ಡಿ ಅನ್ಕೊಳ್ಳಿ, ಪಾಯಿಂಟ್ ಸೇರಿಸೋವಾಗ ಡಿ ಕನೆಕ್ಷನ್ ಆರಿಸಿ 13 ಕೊಟ್ರೆ ಆ ಆಜ್ಞೆ ಡಿಸಿಸಿ-ಇಎಕ್ಸ್‌ಗೆ ಮಾತ್ರ ಹೋಗುತ್ತೆ. ಡಿಫಾಲ್ಟ್ಸ್ ಅನ್ನೋ ಪುಟದಲ್ಲಿ ಥ್ರಾಟಲ್ (ಎಂಜಿನ್ ಓಡಿಸೋದು) ಅಂದ್ರೆ ಝಡ್21 ಅಂತ ಇಡಿ. ಒಂದೇ ಪರದೆಲಿ ಹಳಿ ನಕ್ಷೆ ಬರ್ದು, ಪಾಯಿಂಟ್ ಮೇಲೆ ಬೆರಳಿಟ್ಟು ತಿರುಗಿಸ್ಬಹುದು, ಟ್ಯಾಬ್ಲೆಟ್ ಬ್ರೌಸರ್‌ಲೂ ಅದೇ ನಕ್ಷೆ ತೆರೆಯುತ್ತೆ. ರೂಟ್ ಅಂತ ಒಂದು ಸೌಲಭ್ಯ ಇದೆ, ಎರಡನೇ ಲೈನಿಗೆ ತಗೋ ಅಂತ ಒಂದು ಬಟನ್ ಒತ್ತಿದ್ರೆ ಮೂರು ಪಾಯಿಂಟ್ ಸಾಲಾಗಿ ತಿರುಗ್ತವೆ, ನಂಗೆ ಇಡೀ ವ್ಯವಸ್ಥೆಲಿ ಅತಿ ಇಷ್ಟ ಆಗಿದ್ದು ಇದೇ.

ಇನ್ನೊಂದು ದಾರಿ, ಹೊಸದಾಗಿ ಶುರು ಮಾಡೋರಿಗೆ. ಪಾಯಿಂಟ್ ಡಿಕೋಡರ್ ಕೊಳ್ಳೋದೇ ಬೇಡ, ಎಸ್‌ಜಿ90 ಅನ್ನೋ ಚಿಕ್ಕ ಸರ್ವೋ ಮೋಟಾರ್ ಹಾಕಿ, ಅದನ್ನ ಪಿಸಿಎ9685 ಅನ್ನೋ 16 ಸರ್ವೋ ಬೋರ್ಡಿಗೆ ಸಿಕ್ಕಿಸಿ, ಆ ಬೋರ್ಡಿಂದ ನಾಲ್ಕು ವೈರ್ ಮೆಗಾಗೆ: 5 ವೋಲ್ಟ್, ಗ್ರೌಂಡ್, ಎಸ್‌ಡಿಎ 20ನೇ ಪಿನ್ನಿಗೆ, ಎಸ್‌ಸಿಎಲ್ 21ನೇ ಪಿನ್ನಿಗೆ. ಡಿಸಿಸಿ-ಇಎಕ್ಸ್ ಈ ಬೋರ್ಡನ್ನ ತಾನೇ ಗುರುತಿಸುತ್ತೆ, 100ರಿಂದ 115 ಅಂತ ನಂಬರ್ ಕೊಡುತ್ತೆ. ಸರ್ವೋ ಓಡಿಸೋ ಕರೆಂಟ್ ಮಾತ್ರ ಮೆಗಾದಿಂದ ತಗೋಬೇಡಿ, ಬೋರ್ಡಿನ ಸ್ಕ್ರೂ ಟರ್ಮಿನಲ್ಲಿಗೆ ಬೇರೆ 5 ವೋಲ್ಟ್ ಅಡಾಪ್ಟರ್ ಕೊಡಿ. ಎಷ್ಟು ತಿರುಗ್ಬೇಕು ಅನ್ನೋದು ಡಿಗ್ರಿಲಿ ಅಲ್ಲ, ಪಲ್ಸ್ ಸಂಖ್ಯೆಲಿ, ಮಧ್ಯಕ್ಕೆ 300 ಹತ್ರ ಶುರು ಮಾಡಿ ಹತ್ತತ್ತು ಹೆಚ್ಚಿಸ್ತಾ ಹೋಗಿ, ಒಂದೇ ಸಲ ದೊಡ್ಡ ಸಂಖ್ಯೆ ಕೊಟ್ರೆ ಪಾಯಿಂಟ್ ಕಡ್ಡಿ ಬಾಗುತ್ತೆ. ಸ್ಲೋ ಅಂತ ಇಟ್ರೆ ಪಾಯಿಂಟ್ ನಾಲಿಗೆ ಅಸಲಿ ತರ ನಿಧಾನಕ್ಕೆ ಜರುಗುತ್ತೆ, ನೋಡೋಕೇ ಒಂದು ಖುಷಿ. ಸರ್ವೋ ವೈರನ್ನ ರೈಲು ಬಸ್ ಜೊತೆ ಕಟ್ಟಬೇಡಿ, ಹಳಿ ವೈರಿನ ಗದ್ದಲಕ್ಕೆ ಸರ್ವೋ ನಡುಗುತ್ತೆ, ದಾಟ್ಲೇಬೇಕಾದ್ರೆ ಅಡ್ಡಕ್ಕೆ ದಾಟಿಸಿ. ನಾನು ಈಗ ಹೊಸ ಪಾಯಿಂಟ್‌ಗೆಲ್ಲ ಇದೇ ಹಾಕ್ತಿರೋದು.

ಆನ್ ಮಾಡೋ ಕ್ರಮ: ಮೊದಲು ಅಕ್ಸೆಸರಿ, ಆಮೇಲೆ ರೈಲು. ನಮ್ಮ ಏರಿಯಾದಲ್ಲಿ ಮಳೆ ಶುರುವಾದ್ರೆ ಕರೆಂಟ್ ಹೋಗಿ ಬರ್ತಾ ಇರುತ್ತೆ, ಬಂದಾಗ ಸರ್ವೋ ಒಂದು ಸಲ ಮಿಸುಕುತ್ತೆ, ಲ್ಯಾಪ್‌ಟಾಪ್ ಪರದೆಲಿ ಒಂದು ಕಡೆ ತೋರಿಸಿ ಪಾಯಿಂಟ್ ಇನ್ನೊಂದು ಕಡೆ ಇರೋ ಸಾಧ್ಯತೆನೂ ಇದೆ. ಅದಕ್ಕೆ ಎಲ್ಲಾ ಪಾಯಿಂಟನ್ನೂ ನೇರ ಲೈನಿಗೆ ತರೋ ಒಂದು ರೂಟ್ ಮಾಡಿಟ್ಕೊಂಡು, ಪ್ರತಿ ಸಲ ಅದನ್ನ ಒತ್ತಿದ ಮೇಲೇನೇ ಹಳಿಗೆ ಕರೆಂಟ್ ಕೊಡಿ.

ಕೊನೇ ಪರೀಕ್ಷೆ ನಾಣ್ಯದ್ದು. ಹಳೇ ಡಿಸಿಸಿ ಅಭ್ಯಾಸ ಇದು. ಎಂಜಿನ್‌ಗಳನ್ನ ಹಳಿಯಿಂದ ಎತ್ತಿಟ್ಟು, ಕಂಟ್ರೋಲರಿಂದ ಅತಿ ದೂರದ ಜಾಗದಲ್ಲಿ ಒಂದು ಐದು ರೂಪಾಯಿ ನಾಣ್ಯವನ್ನ ಎರಡೂ ಹಳಿಗೆ ಅಡ್ಡ ಇಡಿ. ರೈಲು ಕಂಟ್ರೋಲರ್ ತಕ್ಷಣ ಕಟ್ ಆಗ್ಬೇಕು. ಆಗ್ಲಿಲ್ಲ, ನಾಣ್ಯ ಬಿಸಿಯಾಗ್ತಿದೆ ಅಂದ್ರೆ ವೈರ್ ತೆಳು ಅಥವಾ ಜೋಡಣೆ ಸಡಿಲ, ಕೂಡ್ಲೇ ಪ್ಲಗ್ ತೆಗೆದು ಆ ಜಾಗದ ಹಳಿಯಿಂದ ಬಸ್ಸಿಗೆ ಇನ್ನೊಂದು ಜೊತೆ ಫೀಡರ್ ವೈರ್ ಇಳಿಸಿ. ಕಟ್ ಆಯ್ತು ಅಂದ್ರೆ ನಾಣ್ಯ ಅಲ್ಲೇ ಇರ್ಲಿ. ಶಾರ್ಟ್ ದೀಪ ಮಿನುಗ್ತಾ ಇರೋವಾಗ್ಲೇ ಪರದೆಲಿ ಒಂದೊಂದೇ ಪಾಯಿಂಟ್ ಒತ್ತುತ್ತಾ ಬನ್ನಿ, 1ರಿಂದ ಕೊನೇ ತನಕ. ಎಲ್ಲಾ ತಿರುಗ್ಬೇಕು. ನಂದ್ರಲ್ಲಿ ಮೊದಲನೇ ಸಲ 13 ತಿರುಗಿದ್ವು, 9ನೇದು ಸುಮ್ನಿತ್ತು, ಕೆಳಗೆ ಹೋಗಿ ನೋಡಿದ್ರೆ ಅದರ ಡಿಕೋಡರ್ ವೈರ್ ಇನ್ನೂ ಹಳೇ ಕೆಂಪು–ಕಪ್ಪು ಬಸ್ಸಲ್ಲೇ ಸಿಕ್ಕಾಕೊಂಡಿತ್ತು. ಅದನ್ನ ಹಳದಿ–ನೀಲಿಗೆ ಬದಲಾಯಿಸಿ, ಮೀಟರ್ ಇಟ್ಟು ನಾಲ್ಕು ಜೋಡಿ ಮತ್ತೆ ನೋಡಿ, ನಾಣ್ಯ ಮತ್ತೆ ಇಟ್ಟು ಒತ್ತಿದೆ. ಸುರಂಗದೊಳಗಿಂದ ಟಕ್ ಅಂತ ಕೇಳಿಸ್ತು.